ಮೂರು ಪಾಯಿಂಟ್ ಐದು ಎಕರೆ

ಇಡೀ ತರಗತಿ ಒಟ್ಟಿಗೆ ತಲೆ ಅಲ್ಲಾಡಿಸಿದರೆ ನನಗೆ ಅನುಮಾನ ಬರುತ್ತದೆ. ತಿಳಿದ ಮಗು ಸುಮ್ಮನೆ ಕೂರುತ್ತದೆ, ತಿಳಿಯದ್ದು ಜೋರಾಗಿ ತಲೆ ಆಡಿಸುತ್ತದೆ. ರಾಯಬಾಗ ತಾಲೂಕಿನ ಈ ಹಳ್ಳಿಯಲ್ಲಿ ಐದನೆಯ ತರಗತಿಗೆ ದಶಮಾಂಶ ಕಲಿಸಿ ಕಲಿಸಿ ನನಗೆ ಬಂದ ಬುದ್ಧಿ ಇದು.

ಹಲಗೆಯ ಮೇಲೆ 3.5, 3.25 ಎಂದು ಬರೆದು ಯಾವುದು ದೊಡ್ಡದು ಎಂದು ಕೇಳಿದೆ. "ಇಪ್ಪತ್ತೈದ್ರೀ!" ಎಂದು ಎಲ್ಲರೂ ಕಿರುಚಿದರು. ಪ್ರತಿ ವರ್ಷವೂ ಇದೇ ಹಾಡು. ಒಂದು ಕಾಗದದ ಪಟ್ಟಿ ತೆಗೆದು ಹತ್ತು ಭಾಗ ಮಾಡಿದೆ, ಒಂದೊಂದು ಭಾಗವನ್ನೂ ಮತ್ತೆ ಹತ್ತು ಮಾಡಿದೆ. ಐದು ಎಂದರೆ ಇಲ್ಲಿ ಹತ್ತರಲ್ಲಿ ಐದು, ಅಂದರೆ ನೂರರಲ್ಲಿ ಐವತ್ತು. ಆದ್ದರಿಂದ 3.5 ದೊಡ್ಡದು. ಎಲ್ಲ ತಲೆಗಳೂ ಅಲ್ಲಾಡಿದವು, ಒಂದನ್ನು ಬಿಟ್ಟು.

ಕಬ್ಬು, ದ್ರಾಕ್ಷಿ ಬೆಳೆಯುವ ಮನೆಯ ಹುಡುಗಿ ಅದು. ಪಕ್ಕದಲ್ಲಿ ಅವಳ ಚಿಕ್ಕಪ್ಪನ ಮಗಳು. ಒಂದೇ ಮನೆ, ಒಂದೇ ಬೆಂಚು.

"ಅಕ್ಕಾರ, ಖರೇನ ಮೂರು ಪಾಯಿಂಟ್ ಐದ ದೊಡ್ಡದೇನ್ರಿ?"

"ಖರೇ ಅಲ್ಲದ ಸುಳ್ಳ ಹೇಳತೀನೇನ? ಪಟ್ಟಿ ನೋಡು."

ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೇರೆ ಲೆಕ್ಕ ಕೊಟ್ಟೆ, ತಪ್ಪಿಲ್ಲದೆ ಮಾಡಿದಳು. ನನಗೆ ಖುಷಿಯೋ ಖುಷಿ. ಆದರೆ ಅವಳ ಮುಖ ಯಾಕೋ ಸಪ್ಪಗಿತ್ತು.

ಮರುದಿನ ಆ ಇಬ್ಬರೂ ಬೆಂಚಿನ ಎರಡು ತುದಿಗೆ ಕೂತಿದ್ದರು, ನಡುವೆ ಪಾಟಿಚೀಲ. ಯಾರೋ ಯಾರದೋ ಪೆನ್ಸಿಲ್ ಕದ್ದಿರಬೇಕು ಎಂದುಕೊಂಡೆ. ಕೇಳಿದರೆ ಇಬ್ಬರದೂ ಒಂದೇ ಮಾತು: "ಏನಿಲ್ಲರಿ." ಏನಿಲ್ಲ ಎಂದರೆ ಏನೋ ಇದೆ ಎಂದೇ ಅರ್ಥ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಪ್ರಶ್ನೆ ಕೇಳಿದ್ದ ಹುಡುಗಿಯ ತಾಯಿ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಹೊಲ ಪಾಲಾಗೇತ್ರಿ. ಗಂಡಸೂರ ಕುಂತು ಮುಗಿಸ್ಯಾರ. ಮೈದುನಗ ಮೂರು ಪಾಯಿಂಟ್ ಐದ, ನಮಗ ಮೂರು ಪಾಯಿಂಟ್ ಇಪ್ಪತ್ತೈದ. ನಮಗ ಜಾಸ್ತಿ ಬಂತಂತ ನಾ ಸುಮ್ಮನಿದ್ನಿ. ನಿನ್ನಿ ಮಗಳು ಪಟ್ಟಿ ಹರದು ತೋರಿಸಿದ್ಲು. ನಮ್ಮ ಕಣ್ಣಾಗ ಮಣ್ಣ ಹಾಕ್ಯಾರ್ರಿ! ನಾಳಿಗೆ ಗೌಂಡಿನ ಕರಸ್ತೀನಿ, ಪಡಸಾಲಿ ನಡುವ ಗ್ವಾಡಿ ಏಳಬೇಕು."

ಅಯ್ಯೋ ದೇವರೇ, ಎಕರೆ!

"ತಡೀರಿ ತಾಯಿ, ಅದು ಸಾಲಿ ಪಾಯಿಂಟ್ ಅಲ್ಲ. ಹೊಲದ ಲೆಕ್ಕದಾಗ ಚುಕ್ಕಿ ಮುಂದ ಇರೂದು ಗುಂಟೆ. ನಲವತ್ತು ಗುಂಟೆಗೆ ಒಂದ ಎಕರೆ. ಅವರದು ಮೂರ ಎಕರೆ ಐದ ಗುಂಟೆ, ನಿಮ್ಮದು ಮೂರ ಎಕರೆ ಇಪ್ಪತ್ತೈದ. ನಿಮಗ ಇಪ್ಪತ್ತ ಗುಂಟೆ ಜಾಸ್ತಿ ಐತಿ."

ಆಕೆ ಕಣ್ಣು ಸಣ್ಣ ಮಾಡಿ ನನ್ನನ್ನು ಅಳೆದಳು. "ನಿನ್ನಿ ಸಣ್ಣದಿದ್ದದ್ದು ಇವತ್ತ ದೊಡ್ಡದ ಹೆಂಗಾತ್ರಿ? ಮೊನ್ನಿ ಮೈದುನನ ತ್ವಾಟದ ದ್ರಾಕ್ಷಿ ಬಂದಿದ್ದುವಲ್ಲ, ನಿಮ್ಮ ಮನಿಗೆ?"

ಸಿಟ್ಟು ನೆತ್ತಿಗೇರಿತು. ಬಂದಿದ್ದವು ನಿಜ, ಶಿಕ್ಷಕರೆಲ್ಲ ಹಂಚಿಕೊಂಡು ತಿಂದಿದ್ದೆವು. "ನಾಕ ದ್ರಾಕ್ಷಿಗೆ ಲೆಕ್ಕ ತಿರುವೂ ಮಂದಿ ನಾನಲ್ಲ! ಜಾಸ್ತಿ ಯಾಕ ಕೊಟ್ಟಾರಂತ ನೀವ ಹೇಳ್ರಿ. ನಿಮ್ಮ ಪಾಲಿನ್ಯಾಗ ಸವಳ ಭೂಮಿ ಐತೋ ಇಲ್ಲೋ?"

"ಐತ್ರಿ," ಎಂದಳು. "ಹೊಳಿ ದಂಡಿಗೆ. ಉಪ್ಪ ಬಿಟ್ಟೈತಿ, ಏನೂ ಬೆಳಿಯಂಗಿಲ್ಲ."

"ಅದಕ್ಕ ಇಪ್ಪತ್ತ ಗುಂಟೆ ಹೆಚ್ಚ ಕೊಟ್ಟಾರ. ಯಾರೂ ಮೋಸ ಮಾಡಿಲ್ಲ."

ಮುಖ ಅರಳಿತು. ಸೆರಗು ಸರಿಮಾಡಿಕೊಂಡು, "ಯವ್ವಾ, ಹಂಗಾದ್ರ ನಮ್ಮದ ದೊಡ್ಡದ ಅನ್ರಿ," ಎಂದು ನಗುತ್ತಾ ಹೋದಳು. ಗೋಡೆ ತಪ್ಪಿತಲ್ಲ ಎಂದು ನಾನು ಉಸಿರು ಬಿಟ್ಟೆ. ಆದರೂ ಆ ನಗೆ ನನಗೆ ಸರಿಬರಲಿಲ್ಲ. ಬಾಯಿ ಮುಚ್ಚಿಕೊಂಡು ಇರುವ ಹೆಂಗಸಿನ ನಗೆ ಅದಲ್ಲ.

ಬೆಳಿಗ್ಗೆ ಪ್ರಾರ್ಥನೆಗೂ ಮೊದಲು ಚಿಕ್ಕಪ್ಪನ ಮಗಳು ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಅಕ್ಕಾರ, ನಿನ್ನಿತನಕ ನಮ್ಮ ಹೊಲ ದೊಡ್ಡದಿತ್ತಲ್ರಿ. ಈಗ ಇಪ್ಪತ್ತ ಗುಂಟೆ ಕಡಿಮಿ ಯಾರ ಮಾಡ್ಯಾರ್ರಿ? ಅವ್ವ ನಿಮ್ಮನ್ನ ಕೇಳಕೊಂಡ ಬಾ ಅಂದಾಳ." ಮೂಗು ಏರಿಸಿಕೊಂಡಳು. "ಗ್ವಾಡಿ ಈಗ ನಮ್ಮ ಅವ್ವಾನ ಕಟ್ಟಸಾಕತ್ತಾಳ್ರಿ."