ಉಲ್ಟಾ ಕೂಡಿಸಿದ ಕೆಪಾಸಿಟರ್

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿದ್ದ ವಿಡಿಯೋ ಗೇಮ್ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಮಾಲೀಕರು ಗೋದಾಮು ಖಾಲಿ ಮಾಡುವಾಗ ಆಳೆತ್ತರದ ಒಂದು ಗೇಮ್ ಪೆಟ್ಟಿಗೆಯನ್ನು ನನಗೇ ಕೊಟ್ಟುಬಿಟ್ಟರು. ಹೈಸ್ಕೂಲಿನಲ್ಲಿದ್ದಾಗ ಅದರ ಮುಂದೆ ನಿಂತಷ್ಟು ಹೊತ್ತು ನಾನು ಗಣಿತದ ಮುಂದೆ ಕೂತವನಲ್ಲ.

“ಆಟದ ಸಪ್ಪಳ ಬರ್ತದರಿ, ಚಿತ್ರ ಬರಂಗಿಲ್ಲ” ಎಂದರು.

ನಾನು ಬೀದರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಚಿತ್ರ ತರಿಸುವುದು ಎಷ್ಟರ ಕೆಲಸ ಎಂದುಕೊಂಡೆ.

ಮನೆಗೆ ತಂದು, ಪಿಕ್ಚರ್ ಟ್ಯೂಬಿನ ಕೆಳಗಿದ್ದ ಸರ್ಕ್ಯೂಟ್ ಬೋರ್ಡನ್ನು ಹೊರಗೆಳೆದೆ. ಮೊಬೈಲಿನಲ್ಲಿ ಯಾರೋ ತೋರಿಸಿದಂತೆ ಬೆಸುಗೆ ಬಿಡಿಸಿ, ಹೊಸದಾಗಿ ಬೆಸೆದು ಕೆಪಾಸಿಟರುಗಳನ್ನೆಲ್ಲ ಬದಲಿಸಿದೆ. ಯಾವುದು ಕೆಟ್ಟಿದೆ ಎಂದು ಒಂದನ್ನೂ ಅಳೆದು ನೋಡಲಿಲ್ಲ. ಸ್ವಿಚ್ ಹಾಕಿದೆ. ಟಪ್ ಎಂದಿತು. ಮೊದಲು ಸಪ್ಪಳವಾದರೂ ಇತ್ತು, ಈಗ ಅದೂ ಹೋಯಿತು. ಪ್ಲಗ್ ಕಿತ್ತು ಧೈರ್ಯವಾಗಿ ಕೈ ಹಾಕಿದವನು ಮರುಕ್ಷಣ ಗೋಡೆಗೆ ಒರಗಿ ಬಿದ್ದಿದ್ದೆ. ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ ಎಂದು ಪ್ರತಿವರ್ಷ ಕ್ಲಾಸಿನ ಕಪ್ಪು ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುವವನೂ ನಾನೇ.

ಹೆಂಡತಿ ನರ್ಸು. ನಾಡಿ ಹಿಡಿದು ನೋಡಿದಳು. “ಏನೂ ಆಗಿಲ್ಲ, ಏಳ್ರಿ. ನಾ ಔರಾದ ದವಾಖಾನಿದಾಗ ಇದ್ದಾಗ ನಮ್ಮ ಟಿ.ವಿ. ರಿಪೇರಿ ಮಾಡಿಕೊಟ್ಟ ಅಕ್ಕಾರು ಇನ್ನೂ ಅಂಗಡಿ ಇಟ್ಟಾರ. ಸುಮ್ನ ಅವರ ಕಡಿ ಹೋಗ್ರಿ.”

ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಸಂತಪುರದಲ್ಲಿ ಹತ್ತಿದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು: “ಕೂಸಿಗಿ ಎಷ್ಟ್ ತಿಂಗಳರಿ?” ಟವೆಲ್ ಸರಿಸಿ ತೋರಿಸಿದೆ. ಆಕೆ ಎದ್ದು ಬೇರೆ ಸೀಟಿಗೆ ಹೋದಳು.

ಔರಾದಿನ ಅಕ್ಕನವರಿಗೆ ಅರವತ್ತು ದಾಟಿತ್ತು. ಬೋರ್ಡನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದರು.

“ಇದಕ್ಕ ಯಾರು ಕೈ ಹಚ್ಚ್ಯಾರ್ರಿ?”

“ಭಾಲ್ಕಿದಾಗ ಯಾವನೋ ಮೆಕ್ಯಾನಿಕ್‌ರಿ” ಎಂದೆ.

“ಅವನ ಕೈಯಾಗ ಮತ್ತ ಕೊಡಬ್ಯಾಡ್ರಿ. ಈ ಕೆಪಾಸಿಟರ್ ಉಲ್ಟಾ ಕೂಡಿಸ್ಯಾನ. ಅದು ಒಡದು ಟ್ರಾನ್ಸಿಸ್ಟರ್ ಭೀ ಹೋಗ್ಯದ. ಮೊದಲಿನ ಬ್ಯಾನಿ ಬರೇ ಇಷ್ಟೇ ಇತ್ತರಿ.” ಟ್ರಾನ್ಸ್‌ಫಾರ್ಮರಿನ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದರು. “ಎರಡು ಮಿನಿಟಿನ ಕೆಲಸ. ಔಷಧ ಕೊಡಾಕ ಬಂದಾಂವ ಜೀವನೇ ತಗದಾನ.”

ನಾನೂ ಅವರೊಂದಿಗೆ ಸೇರಿ ಆ ಮೆಕ್ಯಾನಿಕನನ್ನು ಮನಸಾರೆ ಬೈದೆ. ಅಷ್ಟರಲ್ಲಿ ಅವರು, “ನಿಮ್ಮ ಬೆರಳು ಯಾಕ ಸುಟ್ಟದರಿ?” ಎಂದರು. ಬೆರಳು ಮಡಚಿಕೊಂಡೆ. ತಡವಾಗಿತ್ತು.

“ನಾನೇರಿ” ಎಂದೆ.

“ನೌಕರಿ ಏನ್ರಿ?”

“ಫಿಜಿಕ್ಸ್ ಕಲಿಸ್ತೇನ್ರಿ.”

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಹೊಸ ಟ್ರಾನ್ಸಿಸ್ಟರ್ ಹುಡುಕಿ ಮೇಜಿನ ಮೇಲಿಟ್ಟು, ಕಾದ ಬೆಸುಗೆ ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು. “ಕುಂದರ್ರಿ ಸರ್. ಕಲೀರಿ.” ಮೂರು ಸಲ ಕಿತ್ತು ಮತ್ತೆ ಮಾಡಿಸಿದರು. ನಾಲ್ಕನೆಯದಕ್ಕೆ “ನಡೀತದ” ಎಂದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಮಾತೂ ನನ್ನನ್ನು ಅಷ್ಟು ಉಬ್ಬಿಸಿರಲಿಲ್ಲ.

ಮರುದಿನ ಸಂಜೆ ಚಿತ್ರ ಬಂತು. ತಲೆಕೆಳಗಾಗಿ ಬಂತು. ಫೋನ್ ಮಾಡಿದರೆ ಅಕ್ಕನವರು, “ಟ್ಯೂಬಿನ ಕೊರಳಾಗಿನ ಎರಡು ವೈರ್ ಅದಲಬದಲ ಮಾಡೀರಿ” ಎಂದು ಬಿಡಿಸಿ ಹೇಳಿದರು. ಸರಿಪಡಿಸಿದೆ. ಆಟದೊಳಗಿನ ಆಕಾಶ ಕೊಂಚ ಹಸಿರಾಗಿ ಕಾಣುತ್ತದೆ; ಅದನ್ನು ಮುಟ್ಟಲು ಹೆಂಡತಿ ಬಿಟ್ಟಿಲ್ಲ. ಮೊದಲ ಆಟವನ್ನೂ ಅವಳೇ ಆಡಿದಳು. ನನ್ನ ಸರದಿ ಬರಲು ಒಂದೂವರೆ ತಾಸು ಹಿಡಿಯಿತು.