ದೋಣಿಗೆ ಜಡಿದ ಕಬ್ಬಿಣ

ನನಗೆ ಈಜು ಬರುವುದಿಲ್ಲ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಐವತ್ತು ವರ್ಷ ಬೇಕಾಯಿತು.

ನಮ್ಮದು ಹೊಳೆ ದಂಡೆಯ ಮನೆತನ. ಅಜ್ಜ ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ನಾನು ಮಾತ್ರ ಬೆಳೆದದ್ದು ವಾಡಿಯಲ್ಲಿ, ನಳದ ಮುಂದೆ ಕೊಡಗಳನ್ನು ಸಾಲಾಗಿ ಇಡುವ ಓಣಿಯಲ್ಲಿ. ಹೊಳೆಯವರ ಮೊಮ್ಮಗನಿಗೆ ಈಜು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ಮದುವೆಯ ಮಾತುಕತೆಯಲ್ಲೂ ಕೇಳಲಿಲ್ಲ. ಹೆಂಡತಿ ನಾಲವಾರದ ಕಡೆಯವಳು, ಭೀಮಾ ನದಿಯನ್ನು ಈ ದಂಡೆಯಿಂದ ಆ ದಂಡೆಗೆ ಈಜಿದವಳು. ತವರಿಗೆ ಹೋದಾಗ ಅವಳ ಅಣ್ಣಂದಿರು ನನ್ನನ್ನು ನೀರಿಗೆ ಕರೆದರೆ, ಕಿವಿ ಸೋರುತ್ತದೆ ಎನ್ನುತ್ತಿದ್ದೆ. ಇಪ್ಪತ್ತೆರಡು ವರ್ಷ ನನ್ನ ಕಿವಿ ಸೋರಿತು. ಅತ್ತೆಯವರು ಪಾಪ, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಕಿವಿಗೆ ಬಿಡುತ್ತಿದ್ದರು. ಸುಡುತ್ತಿದ್ದರೂ ಹಾಕಿಸಿಕೊಂಡೆ.

ಹೋದ ವರ್ಷ ಶಹಾಬಾದಿನ ಗುಜರಿ ಅಂಗಡಿಯೊಂದರಲ್ಲಿ ಹಳೆಯ ಅಲ್ಯೂಮಿನಿಯಂ ದೋಣಿ ಬೋರಲಾಗಿ ಬಿದ್ದಿತ್ತು. ಯಾವುದೋ ಪ್ರವಾಹದ ಕಾಲಕ್ಕೆ ತರಿಸಿ, ಆಮೇಲೆ ಬಿಸಾಕಿದ್ದಂತೆ. ನಮ್ಮ ಮನೆಗೆ ಹತ್ತಿರದಲ್ಲೇ ಕೆಲಸ ನಿಂತುಹೋದ ಕಲ್ಲಿನ ಗಣಿಯಿದೆ. ಅದರಲ್ಲಿ ನೀರು ತುಂಬಿ, ಅದರ ಮಾಲೀಕರು ಮೀನು ಮರಿ ಬಿಟ್ಟಿದ್ದರು. ಮೀನು ಹಿಡಿದುಕೊಳ್ಳಲು ನನ್ನ ಹೆಂಡತಿಗೆ ಒಪ್ಪಿಗೆಯೂ ಸಿಕ್ಕಿತ್ತು.

"ನೀವು ಫಿಟ್ಟರ್ ಇದ್ದೀರಿ, ಇದನ್ನ ರಿಪೇರಿ ಮಾಡ್ರಿ. ಇಬ್ಬರೂ ಕೂಡಿ ಮೀನಿಗಿ ಬಲಿ ಹಾಕೋಣ," ಎಂದಳು ಅವಳು. ಇಬ್ಬರೂ ಕೂಡಿ ಎಂದರೆ ನಾನೂ ದೋಣಿ ಹತ್ತಬೇಕು. ಆದರೂ ಹೂಂ ಎಂದೆ.

ದೋಣಿಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಕಲ್ಲುಗಳ ಮೇಲೆ ಇಟ್ಟೆವು. ಒಳಗೆ ನೀರು ತುಂಬಿಸಿ, ಹೊರಗೆ ಎಲ್ಲೆಲ್ಲಿ ತೊಟ್ಟಿಕ್ಕುತ್ತದೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದೆ. ಹದಿನೇಳು ಕಡೆ ಸೋರುತ್ತಿತ್ತು. ಮರಳಿನ ಚೀಲ ಒತ್ತಿಟ್ಟು, ಕಟ್ಟಿಗೆಯ ಸುತ್ತಿಗೆಯಿಂದ ತಗ್ಗುಗಳನ್ನು ಬಡಿದು ಎತ್ತಿದೆ. ಸಡಿಲಾದ ರಿವೆಟ್ ಕಿತ್ತು ಹೊಸದು ಹೊಡೆದೆ. ಎರಡನೆಯ ಸಲ ನೀರು ತುಂಬಿಸಿದಾಗ ಒಂದು ಹನಿಯೂ ಬೀಳಲಿಲ್ಲ. ಬುದ್ಧಿ ಇದ್ದವನು ಅಲ್ಲಿಗೇ ನಿಲ್ಲಿಸುತ್ತಿದ್ದ.

ನನ್ನ ಕೈ ನಿಲ್ಲಲಿಲ್ಲ. ಆ ತಗಡಿನ ಮೇಲೆ ಬೆರಳಿಟ್ಟು ಒತ್ತಿದರೆ ಅದು ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಇದರ ಕೆಳಗೆ ನಲವತ್ತು ಅಡಿ ನೀರು ಎಂದು ನೆನೆದು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೆ. ತಳಕ್ಕೆ ಕಬ್ಬಿಣದ ಪಟ್ಟಿ ಜಡಿದೆ. ಅಂಚಿನ ಸುತ್ತ ದಪ್ಪ ಆ್ಯಂಗಲ್ ಕಬ್ಬಿಣ ಕೂಡಿಸಿದೆ. ಹಿಡಿದುಕೊಳ್ಳಲು ಏನಾದರೂ ಬೇಕು ಎನ್ನಿಸಿ ಎರಡೂ ಬದಿಗೆ ಸೊಂಟದೆತ್ತರದ ಪೈಪಿನ ಕಟಾಂಜನ ನಿಲ್ಲಿಸಿದೆ. ಪ್ರತಿ ಬೋಲ್ಟು ಬಿಗಿದಾಗಲೂ ಒಂದಿಷ್ಟು ಧೈರ್ಯ ಬರುತ್ತಿತ್ತು, ಬೆಳಗಾಗುವುದರೊಳಗೆ ಹೋಗಿಬಿಡುತ್ತಿತ್ತು. ಮತ್ತೆ ಇನ್ನೊಂದು ತುಂಡು ಹುಡುಕುತ್ತಿದ್ದೆ.

"ಏನ್ರಿ, ದೋಣಿ ಮಾಡಾಕತ್ತೀರೋ, ಟ್ರ್ಯಾಕ್ಟರ್ ಟ್ರಾಲಿ ಮಾಡಾಕತ್ತೀರೋ?" ಎಂದು ಅವಳು ನಕ್ಕಳು.

"ಗಟ್ಟಿ ಇರಬೇಕು. ನಿನಗೇನ್ ಗೊತ್ತಾಗ್ತದ ಇದು?" ಎಂದು ಗದರಿದೆ. ವರ್ಕ್‌ಶಾಪಿನಲ್ಲಿ ಇಪ್ಪತ್ತೈದು ವರ್ಷ ದುಡಿದವನ ಮಾತು. ಅವಳು ನಂಬಿದಳು.

ದೋಣಿಯನ್ನು ಗಣಿಗೆ ಇಳಿಸಲು ಆರು ಜನ ಬೇಕಾದರು. ಇಳಿಸಿಕೊಟ್ಟು ಅವರೆಲ್ಲ ಊಟಕ್ಕೆ ಹೋದರು. ನೀರಿನಲ್ಲಿ ದೋಣಿ ತಗ್ಗಾಗಿ ಕುಳಿತಿತ್ತು, ಅಂಚಿಗೂ ನೀರಿಗೂ ನಡುವೆ ಗೇಣಿಗಿಂತ ಕಡಿಮೆ ಇತ್ತು. ಅದು ನನಗೆ ಕಾಣಿಸಿತು. ಹೇಳಿದರೆ ಕಬ್ಬಿಣ ಯಾಕೆ ಹಾಕಿದಿರಿ ಎಂಬ ಮಾತು ಬರುತ್ತದೆ, ಆ ಮಾತು ಈಜಿನವರೆಗೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡೆ. ಅವಳು ಬಲೆ ತೆಗೆದುಕೊಂಡು, ಗಣಿಯವರು ಕಲ್ಲಿನಲ್ಲಿ ಕಡಿದಿದ್ದ ಮೆಟ್ಟಿಲಿಳಿದು ದೋಣಿ ಹತ್ತಿ, "ಬರ್ರಿ, ಕುಂದ್ರಿ," ಎಂದಳು.

"ಮದ್ಲ ನೀ ಒಂದ್ ಸುತ್ತ ಹೋಗಿ ಬಾ. ನಾ ಹಗ್ಗ ಹಿಡ್ಕೊಂಡು ಇಲ್ಲೇ ನಿಂದರ್ತೀನಿ. ಏನರ ಆದ್ರ ಒಗೀತೀನಿ."

ಗಣಿಗೆ ಕೆರೆಯ ಹಾಗೆ ಇಳಿಜಾರು ದಂಡೆ ಇರುವುದಿಲ್ಲ. ಕಲ್ಲು ಕಡಿದ ಗೋಡೆ ನೆಟ್ಟಗೆ ಕೆಳಗೆ ಹೋಗುತ್ತದೆ, ನೀರು ಹಸಿರಾಗಿ ಅಲುಗಾಡದೆ ನಿಂತಿರುತ್ತದೆ. ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ. ಅವಳು ಬೆನ್ನು ತಿರುಗಿಸಿ ಹುಟ್ಟು ಹಾಕುತ್ತಾ ಹೋದ ಮೇಲೆ, ಅವಳಿಗೆ ಒಗೆಯಬೇಕಾದ ಅದೇ ಹಗ್ಗದ ಒಂದು ತುದಿಯನ್ನು ಹಿಂದಿದ್ದ ಬೇವಿನ ಮರಕ್ಕೂ ಇನ್ನೊಂದನ್ನು ನನ್ನ ಸೊಂಟಕ್ಕೂ ಕಟ್ಟಿಕೊಂಡೆ. ಆಗ ನನಗೆ ಉಸಿರಾಡಲು ಬಂತು.

ಅವಳು ನಡು ನೀರಿನಲ್ಲಿ ಬಲೆ ಬಿಟ್ಟಳು. ಎಳೆಯಲು ಒಂದು ಬದಿಗೆ ಬಾಗಿದಳು. ಕಟಾಂಜನದ ಭಾರಕ್ಕೆ ದೋಣಿ ಆ ಕಡೆಗೇ ವಾಲಿತು, ನೀರು ಅಂಚು ದಾಟಿ ಒಳಗೆ ನುಗ್ಗಿತು. ನಾನು ಕೂಗುವಷ್ಟರಲ್ಲಿ ದೋಣಿ ಇರಲಿಲ್ಲ. ಅವಳ ತಲೆ ಮೇಲೆ ಬಂತು, ಮುಳುಗಿತು, ಮತ್ತೆ ಬಂತು.

"ಕಾಲಿಗಿ ಬಲಿ ಸಿಕ್ಕದ! ಹಗ್ಗ ಒಗೀರಿ!"

ಓಡಿದೆ. ಅಂಚಿಗೆ ಬರುತ್ತಲೇ ಹಗ್ಗ ಸೊಂಟ ಹಿಡಿದು ಜಗ್ಗಿ ಬೀಳಿಸಿತು. ಗಂಟು ಬಿಚ್ಚಲು ಹೋದೆ, ಜಗ್ಗಿದ್ದಕ್ಕೆ ಅದು ಬಿಗಿದು ಕಲ್ಲಾಗಿತ್ತು. ಮೊಣಕಾಲೂರಿ ಗಂಟನ್ನು ಪರಚಿದೆ, ಉಗುರು ಸೀಳಿತು, ಗಂಟು ಬಿಡಲಿಲ್ಲ. ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ಕೈ ಬಡಿಯುವುದನ್ನು ನಿಲ್ಲಿಸಿ ಸುಮ್ಮನೆ ನನ್ನ ಕಡೆ ನೋಡುತ್ತಿದ್ದಳು. ಆಮೇಲೆ ತಲೆ ಒಳಗೆ ಹೋಯಿತು. ಬಹಳ ಹೊತ್ತು ಬರಲಿಲ್ಲ. ನಾನು ಯಾರನ್ನು ಕರೆದೆನೋ, ಏನು ಕೂಗಿದೆನೋ ನೆನಪಿಲ್ಲ.

ಅವಳು ತಾನೇ ಬಲೆ ಹರಿದುಕೊಂಡು ಮೇಲೆ ಬಂದಳು. ಈಜಿ, ಅದೇ ಮೆಟ್ಟಿಲು ಹಿಡಿದು ಹತ್ತಿದಳು. ನನ್ನ ಪಕ್ಕ ಕುಳಿತು ಕೆಮ್ಮಿ ಕೆಮ್ಮಿ ನೀರು ಕಾರಿದಳು. ಆಮೇಲೆ ಅವಳ ಕಣ್ಣು ನನ್ನ ಸೊಂಟದ ಮೇಲೆ ಬಿತ್ತು. ಅಲ್ಲಿಂದ ಹಗ್ಗದ ಗುಂಟ ಬೇವಿನ ಮರದವರೆಗೆ ಹೋಯಿತು.

"ನನಗ ಈಸಾಕ ಬರಂಗಿಲ್ಲ," ಎಂದೆ. ಅಳು ಬಂದುಬಿಟ್ಟಿತ್ತು.

"ಅದಕ್ಕ ಅಷ್ಟು ಕಬ್ಬಿಣ ಜಡಿದ್ರೇನು?"

ಹೌದೆಂದು ತಲೆ ಅಲ್ಲಾಡಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒದ್ದೆ ಕೈಯಿಂದ ನನ್ನ ಸೊಂಟದ ಗಂಟನ್ನು ಸಡಿಲಿಸಲು ನೋಡುತ್ತಾ, ತನಗೇ ಹೇಳಿಕೊಂಡಂತೆ ಅಂದಳು:

"ನೀವು ಜಿಗೀತೀರಿ ಅಂತ ನಾ ಕೈ ಬಡಿಯೋದು ಬಿಟ್ಟು ಕಾದೆ."