ಬಾಟಲಿಯಲ್ಲಿ ಬಂದ ಸಮುದ್ರ

ಮಕ್ಕಳೇ, ಮೊನ್ನೆ ಮಗಳು ನನ್ನನ್ನು ಲಂಡನ್ನಿನ ಇಲ್ಫರ್ಡಿನ ಮನೆಯಿಂದ ನಾಲ್ಕು ದಿನಕ್ಕೆಂದು ವೇಲ್ಸಿನ ಕಡಲತೀರದ ಫ್ಲ್ಯಾಟೊಂದಕ್ಕೆ ಕರೆದೊಯ್ದಿದ್ದಳು. ಬಾಗಿಲು ತೆರೆದೊಡನೆ ಬಂದ ಉಪ್ಪುಗಾಳಿಗೆ ಧಾರವಾಡದ ನಮ್ಮ ಬಚ್ಚಲುಮನೆ ನೆನಪಾಯಿತು.

ನನ್ನ ಚಿಕ್ಕಂದಿನಲ್ಲಿ, ಸಮುದ್ರವನ್ನೇ ಕಾಣದ ಅಜ್ಜಿಗೆಂದು ಅಪ್ಪ ಕಾರವಾರದಿಂದ ಒಂದು ಬಾಟಲಿ ಕಡಲ ನೀರು ತಂದಿದ್ದರು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, ಹಂಡೆಯ ನೀರಿಗೆ ಬೆರೆಸಿ, ಓಣಿಯ ಹೆಂಗಸರನ್ನೆಲ್ಲ ಕೂಗಿದಳು.

"ಬರ್ರಿ, ನಮ್ಮನೀಗೇ ಸಮುದ್ರ ಬಂದೈತಿ! ಒಂದೊಂದ ತಂಬಿಗಿ ತಲಿಮ್ಯಾಲ ಹಾಕ್ಕೋರಿ!"

"ತೆರಿ ಎಲ್ಲಿ ಅದಾವಬೇ, ಯಮ್ಮಾ?" ಎಂದು ಪಕ್ಕದ ಮನೆಯ ಸೊಸೆ ನಕ್ಕಳು.

"ನಿಂದ್ರ, ಬಂತ ನೋಡು!" ಎಂದವಳೇ ಅಜ್ಜಿ ತುಂಬಿದ ತಂಬಿಗೆಯನ್ನು ಅವಳ ಮೇಲೆ ಎರಚಿದಳು.

ಅಜ್ಜಿ ಕೊನೆಗೂ ಸಮುದ್ರ ನೋಡಲಿಲ್ಲ.

ವೇಲ್ಸಿನಲ್ಲಿ ಅಷ್ಟೂ ದಿನ ಕಿಟಕಿಯ ತುಂಬ ಸಮುದ್ರವೇ ಇತ್ತು. ನಾನು ಕಾಲನ್ನೂ ತೋಯಿಸಲಿಲ್ಲ. ಮಧ್ಯಾಹ್ನದ ನಿದ್ದೆಗೆ ಬೆಳಕು ಹೆಚ್ಚೆಂದು ಪರದೆ ಎಳೆಸಿದೆ. ಸುಖವಾದ ನಿದ್ದೆಯೂ ಬಂತು. ಅಜ್ಜಿಗೆ ಇದನ್ನು ಹೇಗೆ ಹೇಳಲಿ?